ಹಾಲು ಬಿಟ್ಟ ಹರಕೆ, ಜೋಮು ಹಿಡಿದ ಬೆರಳು

ಕಳೆದ ವರ್ಷದ ಚೌತಿಯ ಬೆಳಿಗ್ಗೆ. ಹಾಲಾಡಿ ಹತ್ತಿರದ ನಮ್ಮ ಮನೆಯಲ್ಲಿ ಹಲಸಿನೆಲೆಯ ಕೊಟ್ಟೆ ಕಡುಬು ಬೆಂದಿತ್ತು. ಹಬೆಯೊಳಗಿಂದ ಬರಿಗೈಯಲ್ಲೇ ಒಂದೊಂದಾಗಿ ತೆಗೆದಿಡುತ್ತಿದ್ದೆ. ಅತ್ತೆ ನೋಡಿ ಕೂಗಿದರು, "ಏ ಹೆಣೆ, ಕೈ ಸುಡ್ತಿಲ್ಯಾ ನಿಂಗೆ?"

ಸುಡುತ್ತಿರಲಿಲ್ಲ. ನಾಲ್ಕೈದು ತಿಂಗಳಿನಿಂದ ಹತ್ತೂ ಬೆರಳ ತುದಿ ಜೋಮು ಹಿಡಿದಂತಿತ್ತು. ವಾಯು ಇರಬೇಕು ಎಂದು ಎಣ್ಣೆ ತಿಕ್ಕಿಕೊಂಡು ಸುಮ್ಮನಿದ್ದೆ. ಈಗ ನೋಡಿದರೆ ಎರಡು ಬೆರಳಲ್ಲಿ ಬೊಕ್ಕೆ ಎದ್ದಿತ್ತು!

ಮರುದಿನವೇ ಯಜಮಾನರು ನನ್ನನ್ನು ಕುಂದಾಪುರಕ್ಕೆ ಕರೆದುಕೊಂಡು ಹೋದರು. ಡಾಕ್ಟರು ಕುತ್ತಿಗೆ ತಿರುಗಿಸಿದರು, ಮಣಿಕಟ್ಟು ತಟ್ಟಿದರು, ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಇಲ್ಲ, ಥೈರಾಯ್ಡ್ ಇಲ್ಲ. ಬಿ12 ವಿಟಮಿನ್ ಮಾತ್ರ ತೀರಾ ಕಡಿಮೆ.

"ಅಮ್ಮ, ಮೀನು ಮೊಟ್ಟೆ ನಿಮ್ಮಲ್ಲಿಲ್ಲೆ, ಸರಿ. ಹಾಲು ಮೊಸರು ತಕಂತ್ರಿ ಅಲ್ದಾ?"

ಡಾಕ್ಟರ ಎದುರು ಸುಳ್ಳು ಹೇಳುವುದು ಹೇಗೆ? "ಇಲ್ಲೆ ಡಾಕ್ಟ್ರೆ. ಇವ್ರ ಹಾರ್ಟ್ ಆಪರೇಶನ್ ಆಪ ಹೊತ್ತಿಗೆ ಹಾಲು ಮೊಸರು ಬಿಡ್ತೆ ಅಂದ್ ಹಟ್ಟಿಯಂಗಡಿ ಗಣಪತಿಗೆ ಹರಕೆ ಹೊತ್ತದ್ದ್. ಐದ್ ವರ್ಷ ಆಯ್ತ್, ಮುಟ್ಲಿಲ್ಲ."

ಪಕ್ಕದಲ್ಲಿ ಕೂತಿದ್ದ ಮನೆಯವರಿಗೆ ಅದು ಗೊತ್ತೇ ಇರಲಿಲ್ಲ. ಹಾಲು ನನಗೆ ಒಗ್ಗುವುದಿಲ್ಲ ಎಂದೇ ಹೇಳಿಕೊಂಡು ಬಂದಿದ್ದೆ.

"ಇಂಜೆಕ್ಷನ್ ಕೊಡ್ತೆ. ಆದ್ರೆ ಊಟ ಸರಿ ಮಾಡ್ಕಣಿ. ತಡ ಮಾಡಿದ್ರೆ ಈ ಜೋಮು ಹೋಪ್ದೇ ಇಲ್ಲೆ" ಎಂದರು ಡಾಕ್ಟರು.

ಬಸ್ಸು ಇಳಿದ ಮೇಲೆ ಇವರು, "ಎಂತ ಮಾರಾಯ್ತಿ, ನನ್ನ ಆಯುಷ್ಯಕ್ಕೆ ನಿನ್ನ ಬೆರಳ್ ಅಡ ಇಟ್ಟದ್ದಾ?" ಎಂದರು.

"ಈಗ ಹಾಲು ಕುಡ್ದು ನಿಮ್ಗೆಂತಾರೂ ಆದ್ರೆ?" ನನ್ನ ಭಯ ಅದೊಂದೇ.

"ನನ್ನ ಸಲುವಾಗಿ ಬಿಟ್ಟದ್ದಲ್ದಾ? ದೇವ್ರ ಹತ್ರ ನಾನೇ ಮಾತಾಡ್ತೆ."

ಮಾತಾಡಿಯೂ ಬಿಟ್ಟರು. ಮರುದಿನ ಹಟ್ಟಿಯಂಗಡಿಯ ಗಣಪತಿಯ ಎದುರು ನಿಂತು, ಭಟ್ಟರಿಗೂ ಕೇಳುವಷ್ಟು ಗಟ್ಟಿಯಾಗಿ, "ಸ್ವಾಮಿ, ಇವ್ಳ ಹರಕೆ ನಂಗ್ ಬೇಡ, ನೀನೂ ಬಿಟ್ಬಿಡ್. ಸಿಟ್ಟ್ ಬಂದ್ರೆ ನನ್ ಮೇಲೆ ತೀರ್ಸ್ಕೋ" ಎಂದರು. ಭಟ್ಟರು ನಕ್ಕು, ಅಭಿಷೇಕದ ಹಾಲನ್ನು ನನ್ನ ಅಂಗೈಗೆ ಹಾಕಿದರು. ಇವರ ಮುಖ ನೋಡುತ್ತಲೇ ಕುಡಿದೆ.

ಆಮೇಲೆ ತಿಂಗಳುಗಳೇ ಕಳೆದವು, ಇಂಜೆಕ್ಷನ್ನುಗಳೂ ಮುಗಿದವು. ಇವರು ಗಟ್ಟಿಮುಟ್ಟಾಗಿದ್ದಾರೆ. ಊಟದ ಕೊನೆಗೆ ನನ್ನ ಬಟ್ಟಲಿಗೆ ಮಜ್ಜಿಗೆ ಬಡಿಸುವವರು ಅವರೇ. ಹರಕೆ ಮುರಿದೆ ಎಂಬ ಅಳುಕು ನನಗಿಲ್ಲ. ಹೊತ್ತದ್ದನ್ನು ಕೇಳಿಸಿಕೊಂಡ ದೇವರು ಇಳಿಸಿದ್ದನ್ನೂ ಕೇಳಿಸಿಕೊಂಡಿದ್ದಾನೆ. ನಿಮಗೂ ಬೆರಳು ಜೋಮು ಹಿಡಿದರೆ ಎಣ್ಣೆ ತಿಕ್ಕುತ್ತ ಕೂರಬೇಡಿ. ಡಾಕ್ಟರಿಗೆ ತೋರಿಸಿ; ಹರಕೆ ಇದ್ದರೆ ಅದನ್ನೂ ಹೇಳಿ.

ನನ್ನ ಎಡಗೈಯ ಕಿರುಬೆರಳು ಮಾತ್ರ ಇನ್ನೂ ಸ್ವಲ್ಪ ಮರಗಟ್ಟಿದಂತಿದೆ. ಇರಲಿ, ಒಂಬತ್ತು ಮರಳಿ ಬಂದಿವೆ. ಅದೂ ಬರುತ್ತದೆ.