ಐರ್ಲೆಂಡಿಗೆ ಹೊರಟ ರೊಟ್ಟಿ ಡಬ್ಬಿ

೧೯೯೮ರ ಮೇ ತಿಂಗಳಲ್ಲಿ ನನಗೆ ಐವತ್ತು ತುಂಬಿತು. ಮದುವೆಯಾಗಿ ಧಾರವಾಡದಿಂದ ಲಂಡನ್ನಿಗೆ ಬಂದು ಆಗ ಇಪ್ಪತ್ತಾರು ವರ್ಷವಾಗಿತ್ತು. ಆ ಇಪ್ಪತ್ತಾರು ವರ್ಷದಲ್ಲಿ ನಾನು ಮನೆಯಲ್ಲಿ ಒಬ್ಬಳೇ ಇದ್ದ ದಿನ ಒಂದೂ ಇಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ರೇನರ್ಸ್ ಲೇನ್‌ನಲ್ಲಿ ನಮ್ಮದು ಮೂರು ಬೆಡ್‌ರೂಮಿನ ಮನೆ. ಟ್ಯೂಬ್ ಸ್ಟೇಷನ್ನಿಗೆ ಹತ್ತಿರ, ಅದೇ ದೊಡ್ಡ ತಪ್ಪಾಯಿತು. ಧಾರವಾಡ, ಬೆಳಗಾವಿ, ವಿಜಾಪುರದ ಕಡೆಯಿಂದ ಯಾರು ಲಂಡನ್ನಿಗೆ ಬಂದರೂ ನಮ್ಮ ಮನೆಯಲ್ಲೇ ಇಳಿಯುತ್ತಿದ್ದರು. ನನ್ನ ಗಂಡನ ಸೋದರತ್ತೆಯ ಮೊಮ್ಮಗ ಎರಡು ವಾರ ಇರುತ್ತೇನೆಂದು ಬಂದು ಹನ್ನೊಂದು ತಿಂಗಳು ಇದ್ದ. ಹೋಗುವ ದಿನ, "ಕಾಕೂ, ನಿಮ್ಮ ಸಾರಿಗೆ ಉಪ್ಪು ಸ್ವಲ್ಪ ಕಡಿಮಿ ಬೀಳ್ತೈತಿ" ಎಂದು ಹೇಳಿ ಹೋದ.

ಹುಟ್ಟುಹಬ್ಬಕ್ಕೆ ಏನು ಬೇಕು ಎಂದು ನನ್ನ ಯಜಮಾನರು ಕೇಳಿದರು. ಬಳೆ ಅನ್ನುತ್ತಾಳೆ ಎಂದುಕೊಂಡಿದ್ದರು.

"ಎರಡು ದಿನ ಒಬ್ಬಾಕೀನ ಎಲ್ಲ್ಯರ ಹೋಗಿ ಬರ್ತೀನ್ರಿ. ಆ ಎರಡು ದಿನ ಯಾರೂ ನನ್ನ ಏನೂ ಕೇಳಬಾರದು" ಎಂದೆ.

"ಒಬ್ಬಾಕೀನ? ಯಾಕ?" ಎಂದರು. ನೋಡಿ, ಅಲ್ಲೇ ಶುರುವಾಯಿತು.

ಯೂನಿವರ್ಸಿಟಿಯಲ್ಲಿದ್ದ ಮಗಳು ಫೋನ್ ಮಾಡಿ, "ಮಮ್, ಆರ್ ಯು ಅಂಡ್ ಡ್ಯಾಡ್ ಓಕೆ?" ಎಂದು ಪಿಸುದನಿಯಲ್ಲಿ ವಿಚಾರಿಸಿದಳು. ಎದುರು ಮನೆಯ ಗುಜರಾತಿ ಹೆಂಗಸು ಡಾಕ್ಟರ ಹತ್ತಿರ ಬಿಪಿ ತೋರಿಸು ಎಂದಳು. ಹೆಂಗಸೊಬ್ಬಳು ಒಬ್ಬಳೇ ಎರಡು ದಿನ ಇರಬೇಕು ಅಂದರೆ ಒಂದೋ ಸಂಸಾರ ಕೆಟ್ಟಿರಬೇಕು, ಇಲ್ಲ ತಲೆ ಕೆಟ್ಟಿರಬೇಕು ಎಂದು ಎಲ್ಲರೂ ತೀರ್ಮಾನ ಮಾಡಿದ್ದರು. ನನ್ನ ಜೊತೆ ಕೌನ್ಸಿಲ್ ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದ ಐರಿಷ್ ಹೆಂಗಸೊಬ್ಬಳು, ಅವರ ಪಶ್ಚಿಮದ ಕಡಲ ಕಡೆಗೆ ಹೋಗು, ಅಲ್ಲಿ ಜನರಿಗಿಂತ ಕುರಿಗಳೇ ಹೆಚ್ಚು ಎಂದಿದ್ದಳು. ಕುರಿಗಳು ಏನೂ ಕೇಳುವುದಿಲ್ಲವಲ್ಲ, ಅದಕ್ಕೇ ಐರ್ಲೆಂಡಿಗೆ ಟಿಕೆಟ್ ತೆಗೆಸಿದೆ. ಶುಕ್ರವಾರ ಮಧ್ಯಾಹ್ನ ಹೋಗಿ ಭಾನುವಾರ ಸಂಜೆ ವಾಪಸ್ಸು.

ಗುರುವಾರ ಸಂಜೆ ಶಾಂತಕ್ಕ ಬಂದರು. ಇವರು ಲಂಡನ್ನಿನದೇ ಸೌತ್‌ಹಾಲ್‌ನಲ್ಲಿದ್ದರು, ನನಗಿಂತ ಆರು ವರ್ಷ ದೊಡ್ಡವರು. ನಮ್ಮ ಕಡೆಯ ಜನಕ್ಕೆಲ್ಲ ಹಿರಿಯಕ್ಕ. ಕೈಯಲ್ಲಿ ಕ್ರಿಸ್‌ಮಸ್ ಕೇಕಿನ ದುಂಡನೆಯ ದೊಡ್ಡ ಡಬ್ಬಿ ಇತ್ತು.

"ಸುಮಾ, ಹೆಂಗೂ ಹೊಂಟೀಯಲ್ಲಾ, ಇದನ್ನ ನಮ್ಮ ವಿದ್ಯಾಗ ಮುಟ್ಟಿಸಿಬಿಡವಾ" ಎಂದರು.

"ಹೆಂಗೂ ಹೊಂಟೀಯಲ್ಲಾ." ಈ ಎರಡು ಶಬ್ದ ಕೇಳಿದರೆ ಇವತ್ತಿಗೂ ನನಗೆ ಮೈ ಪರಚಿಕೊಳ್ಳಬೇಕು ಅನಿಸುತ್ತದೆ. ನಮ್ಮ ಜನ ಚಂದ್ರಲೋಕಕ್ಕೆ ಹೊರಟವರ ಕೈಯಲ್ಲೂ ಒಂದು ಉಪ್ಪಿನಕಾಯಿ ಬಾಟ್ಲಿ ಕೊಟ್ಟು ಕಳಿಸಿಯಾರು!

ವಿದ್ಯಾ ಶಾಂತಕ್ಕನ ತಂಗಿಯ ಮಗಳು. ಹುಬ್ಬಳ್ಳಿಯಲ್ಲಿ ಡಾಕ್ಟರಿ ಓದಿ, ಐರ್ಲೆಂಡಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಡಬ್ಬಿಯಲ್ಲಿ ಜೋಳದ ಕಡಕ್ ರೊಟ್ಟಿ. ಡಬ್ಬಿಯ ಅಳತೆಗೆ ಸರಿಯಾಗಿ ಬಡಿದು, ಒಣಗಿಸಿ, ಹಳೇ ಧೋತರದ ತುಂಡಿನಲ್ಲಿ ಸುತ್ತಿ ಇಟ್ಟಿದ್ದರು. ಪಕ್ಕದಲ್ಲಿ ಶೇಂಗಾ ಚಟ್ನಿಪುಡಿಯ ಪೊಟ್ಟಣ.

"ತೊಡಿ ಮ್ಯಾಲೆ ಇಟ್ಕೊಂಡ ಹೋಗವಾ. ಒಂದೂ ಒಡಿಬಾರದು ನೋಡು" ಎಂದರು. ಆಮೇಲೆ ದನಿ ತಗ್ಗಿಸಿ, "ಮ್ಯಾಲೆ ಒಂದು ಪಾಕೀಟ ಇಟ್ಟೇನಿ. ಹುಡುಗನ ಫೋಟೋ ಐತಿ. ಬರ್ಮಿಂಗ್‌ಹ್ಯಾಮಿನ್ಯಾಗ ಎಂಜಿನಿಯರ್. ಆಕೀ ನನ್ನ ಮಾತು ಕೇಳವಲ್ಲಳು. ಇಪ್ಪತ್ತೊಂಬತ್ತು ಆತು, ಒಬ್ಬಾಕೀನ ಯಾಕ ಅದಾಳ, ಮನಸಿನ್ಯಾಗ ಏನೈತಿ, ಎಲ್ಲಾ ಬಿಡಿಸಿ ಕೇಳ್ಕೊಂಡು ಬಾ" ಎಂದರು.

ಅಂದರೆ ಯಾರೂ ನನ್ನನ್ನು ಏನೂ ಕೇಳಬಾರದೆಂದು ಹೊರಟವಳು ಇನ್ನೊಬ್ಬಳನ್ನು ಕೇಳಿಕೊಂಡು ಬರಬೇಕು. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗಾಯಿತು. ಆದರೂ ಬಾಯಿಂದ "ಆಗಲ್ರಿ ಅಕ್ಕಾರ" ಎಂದೇ ಬಂತು. ಐವತ್ತು ವರ್ಷ ಅದೊಂದನ್ನೇ ಕಲಿತಿದ್ದು.

ವಿಮಾನ ನಿಲ್ದಾಣದಲ್ಲಿ ಸೆಕ್ಯೂರಿಟಿಯವನು ಡಬ್ಬಿ ತೆಗೆಸಿ, ರೊಟ್ಟಿಯ ಮೇಲೆ ಬೆರಳಿನಿಂದ ಟಕ್ ಟಕ್ ಎಂದು ಬಡಿದು, ಇದೇನು ಎಂದ. ಬ್ರೆಡ್ ಎಂದೆ. ಇನ್ನೊಬ್ಬನನ್ನು ಕರೆದ. ಅವನೂ ಬಡಿದು ನೋಡಿದ. ಯಾವಾಗ ಮಾಡಿದ್ದು ಎಂದು ಕೇಳಿದರು. ಹಿಂದಿನವರೆಲ್ಲ ಕತ್ತು ಉದ್ದ ಮಾಡಿ ನೋಡುತ್ತಿದ್ದರು, ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ವಿಮಾನದಲ್ಲಿ ಪಕ್ಕದ ಮುದುಕ ತೊಡೆಯ ಮೇಲಿನ ಡಬ್ಬಿ ನೋಡಿ, ಯಾರದಾದರೂ ಚಿತಾಭಸ್ಮವೇ ಎಂದು ಬಹಳ ಮೆಲ್ಲಗೆ, ಮರ್ಯಾದೆಯಿಂದ ಕೇಳಿದ. ಅಲ್ಲ ಎಂದು ಹೇಳಿ ಕಣ್ಣು ಮುಚ್ಚಿಕೊಂಡೆ.

ಐರ್ಲೆಂಡಿನ ಶ್ಯಾನನ್ ವಿಮಾನ ನಿಲ್ದಾಣದಲ್ಲಿ ಇಳಿದು ಬಸ್ಸು ಹತ್ತಿದೆ. ನಾನು ಉಳಿಯಬೇಕಿದ್ದ ಬಿ ಆಂಡ್ ಬಿ, ಅಂದರೆ ಮನೆಯಲ್ಲೇ ರೂಮು, ಬೆಳಗಿನ ತಿಂಡಿ ಕೊಡುವ ಜಾಗ, ಇದ್ದದ್ದು ಕಡಲ ಹತ್ತಿರದ ಒಂದು ಹಳ್ಳಿಯಲ್ಲಿ. ಕಿಟಕಿಯ ಹೊರಗೆ ನಿಜಕ್ಕೂ ಸುಖವಾಗಿತ್ತು. ಸುಣ್ಣವಿಲ್ಲದೆ, ಗಾರೆಯಿಲ್ಲದೆ ಬರೀ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು, ಅವುಗಳ ನಡುವೆ ಹಸಿರು, ಹಸಿರಿನಲ್ಲಿ ಕುರಿ. ಆಗ ನನ್ನ ತಲೆಗೆ ಒಂದು ಕೆಟ್ಟ ಯೋಚನೆ ಬಂತು. ವಿದ್ಯಾಳ ಊರು ಅಲ್ಲಿಂದ ಇಪ್ಪತ್ತು ಮೈಲಿ. ಬಸ್ಸುಗಳು ಕಡಿಮೆ, ಹೋಗಿ ಬರಲು ಒಂದಿಡೀ ದಿನ. ಈ ಡಬ್ಬಿ ಬಸ್ಸಿನಲ್ಲಿ "ಮರೆತು" ಹೋದರೆ? ಕಳೆದುಹೋಯಿತು ಅಂದರೆ ಶಾಂತಕ್ಕ ನನ್ನನ್ನು ಗಲ್ಲಿಗೆ ಹಾಕುವುದಿಲ್ಲವಲ್ಲ.

ಹಳ್ಳಿ ಬಂದಾಗ ಡಬ್ಬಿಯನ್ನು ಸೀಟಿನ ಕೆಳಗೆ ತಳ್ಳಿ, ಚೀಲ ಮಾತ್ರ ಹಿಡಿದು ಇಳಿದುಬಿಟ್ಟೆ. ಬಸ್ಸು ತಿರುವಿನಲ್ಲಿ ಮರೆಯಾಯಿತು. ಏನು ಹಗುರ ಅಂತೀರಿ! ಕೈ ಬೀಸಿಕೊಂಡು ನಾಲ್ಕು ಹೆಜ್ಜೆ ಹಾಕಿದ್ದೆ, ಹಿಂದಿನಿಂದ ಸದ್ದು. ನೋಡಿದರೆ ಆ ಕಿರಿದಾದ ರಸ್ತೆಯಲ್ಲಿ ಬಸ್ಸು ರಿವರ್ಸ್ ಬರುತ್ತಿದೆ! ಪ್ರಯಾಣಿಕರೆಲ್ಲ ಎದ್ದು ನಿಂತು ಡ್ರೈವರನಿಗೆ ಎಡಕ್ಕೆ ಬಲಕ್ಕೆ ಎಂದು ಹೇಳುತ್ತಿದ್ದಾರೆ. ಡ್ರೈವರ್ ಇಳಿದು ಬಂದು ಡಬ್ಬಿಯನ್ನು ಎರಡೂ ಕೈಯಿಂದ ನನ್ನ ಕೈಗಿತ್ತು, "ದೇವರ ದಯೆ, ನಿಮ್ಮ ಅಮೂಲ್ಯವಾದದ್ದು ಸಿಕ್ಕಿತು" ಎಂದ. ಬಸ್ಸಿನವರು ಚಪ್ಪಾಳೆ ತಟ್ಟಿದರು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ! ನಾನು ನಗುತ್ತ ಥ್ಯಾಂಕ್ಸ್ ಹೇಳಬೇಕಾಯಿತು.

ಬಿ ಆಂಡ್ ಬಿ ಒಡತಿಯ ಹೆಸರು ನೋರಾ. ಅರವತ್ತರ ಸುಮಾರಿನ ವಿಧವೆ, ಬಹಳ ಒಳ್ಳೆಯ ಹೆಂಗಸು. ಆದರೆ ಬಾಗಿಲು ತೆಗೆದ ಕೂಡಲೇ, "ನೀವೊಬ್ಬರೇ? ಯಜಮಾನರು ಬರಲಿಲ್ಲವೇ?" ಎಂದು ಕೇಳಿದಳು. ಮಕ್ಕಳೆಷ್ಟು, ಅವರಿಗೆ ಅಡುಗೆ ಯಾರು ಮಾಡುತ್ತಾರೆ, ಮೊಟ್ಟೆಯನ್ನೂ ತಿನ್ನುವುದಿಲ್ಲವೇ, ಹಾಗಾದರೆ ಬದುಕಿರುವುದು ಹೇಗೆ? ಐರ್ಲೆಂಡಿನಲ್ಲಿ ಧಾರವಾಡವೇ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಶನಿವಾರ ಬೆಳಿಗ್ಗೆ, ಈ ಡಬ್ಬಿಯನ್ನು ಸೋಮವಾರ ಅಂಚೆಗೆ ಹಾಕಬಹುದೇ ಎಂದು ನೋರಾಳನ್ನು ಕೇಳಿ, ಒಳಗಿರುವುದನ್ನು ತೋರಿಸಿ ವಿಳಾಸ ಕೊಟ್ಟೆ. ಅವಳು ಎದೆಯ ಮೇಲೆ ಕೈ ಇಟ್ಟುಕೊಂಡಳು. "ಅಂಚೆಯಲ್ಲೇ? ಪುಡಿಪುಡಿಯಾಗುತ್ತದೆ! ಪಾಪದ ಹುಡುಗಿ, ಮನೆಯ ರೊಟ್ಟಿಗೆ ಕಾಯುತ್ತಿರುತ್ತಾಳೆ. ನನ್ನ ತಮ್ಮ ಮೈಕಲ್ ಇವತ್ತು ಅದೇ ಊರಿಗೆ ಹೊರಟಿದ್ದಾನೆ" ಎಂದಳು. ಹಾಗಾದರೆ ಅವನ ಕೈಯಲ್ಲೇ ಕೊಡಿ ಎಂದೆ. "ಛೆ, ಗುರುತಿಲ್ಲದ ಗಂಡಸಿನ ಕೈಯಲ್ಲಿ ಕಳಿಸುವುದೇ? ಹೇಗೂ ಅವನು ಹೋಗುತ್ತಿದ್ದಾನೆ, ನೀವೇ ಕಾರಿನಲ್ಲಿ ಹೋಗಿ ಕೊಟ್ಟು ಬನ್ನಿ." ಹೇಗೂ ಹೋಗುತ್ತಿದ್ದಾನೆ! ಕಡಲ ದಂಡೆಗೆ ಹೋಗಲು ಹಾಕಿಕೊಂಡಿದ್ದ ಹೊಸ ಶೂನಲ್ಲೇ ಮೈಕಲ್‌ನ ಕಾರು ಹತ್ತಿದೆ. ದಾರಿಯುದ್ದಕ್ಕೂ ಅವನು ತನ್ನ ಮಂಡಿನೋವಿನ ಕತೆ ಹೇಳಿದ. ಮುಗಿದ ಮೇಲೆ, "ಅಂದ ಹಾಗೆ, ನೀವೊಬ್ಬರೇ ಯಾಕೆ ಬಂದಿರಿ?" ಎಂದ. ಸಮುದ್ರ ಬಲಗಡೆ ಎಲ್ಲೋ ಒಂದು ಗೆರೆಯ ಹಾಗೆ ಕಂಡು ಹೋಯಿತು.

ಆಸ್ಪತ್ರೆಯ ಹಿಂದಿನ ಸಾಲುಮನೆಯೊಂದರ ಮುಂದೆ ನನ್ನನ್ನು ಇಳಿಸಿ, ಒಂದು ತಾಸಿನಲ್ಲಿ ಬರುತ್ತೇನೆ ಎಂದು ಹೋದ. ಬೆಲ್ ಒತ್ತಿದೆ. ಎರಡು ಸಲ, ಮೂರು ಸಲ. ಸುಕ್ಕಾದ ಬಟ್ಟೆಯಲ್ಲಿ, ಬಿಚ್ಚಿದ ಕೂದಲಿನಲ್ಲಿ ಒಬ್ಬ ತೆಳ್ಳನೆಯ ಹುಡುಗಿ ಬಾಗಿಲು ತೆರೆದಳು. ನನ್ನ ಹಣೆಯ ಕುಂಕುಮ ನೋಡಿದಳು, ಕೈಯಲ್ಲಿದ್ದ ಡಬ್ಬಿ ನೋಡಿದಳು. ಅವಳ ಮುಖದಲ್ಲಿ ಬಂದ ಭಾವ ನನಗೆ ಚೆನ್ನಾಗಿ ಗೊತ್ತಿತ್ತು. ಮನೆಯಲ್ಲಿ ಡೋರ್‌ಬೆಲ್ ಆದಾಗಲೆಲ್ಲ ನನ್ನ ಮುಖದಲ್ಲಿ ಬರುವುದೂ ಅದೇ.

"ದೊಡ್ಡವ್ವ ಕಳಿಸ್ಯಾಳಲ್ರಿ?" ಎಂದಳು.

"ಹೌದವಾ."

"ಒಳಗ ಬರ್ರಿ ಆಂಟಿ. ತಪ್ಪು ತಿಳ್ಕೋಬ್ಯಾಡ್ರಿ, ಹತ್ತು ದಿನದ ಮ್ಯಾಲೆ ಇವತ್ತೊಂದು ರಜಾ ಐತಿ. ಮಾತಾಡಾಕ ಶಕ್ತಿ ಇಲ್ರಿ ನನಗ."

ಅದನ್ನು ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತೆಂದು ಕಂಡಿತು. ಹಿರಿಯರಿಗೆ ಹಾಗೆ ಹೇಳಬಾರದು ಎಂದು ಅವಳಿಗೂ ಕಲಿಸಿದ್ದಾರೆ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು, ಮೇಲಿದ್ದ ಫೋಟೋದ ಪಾಕೀಟನ್ನು ಎತ್ತಿ ನನ್ನ ಪರ್ಸಿನೊಳಗೆ ಹಾಕಿಕೊಂಡೆ. ಅವಳು ನೋಡಿದಳು. ಅದೇನು ಎಂದು ಅವಳಿಗೆ ಗೊತ್ತಾಗಿರಲೇಬೇಕು.

"ಇದು ನಿನಗಲ್ಲ. ನನಗೂ ಮಾತಾಡೂದು ಬ್ಯಾಡವಾ. ಒಂದು ತಾಸು ಎಲ್ಲ್ಯರ ಕುಂದರಾಕ ಜಾಗ ಕೊಡು, ಸಾಕು" ಎಂದೆ.

ಹಿತ್ತಲ ಬಾಗಿಲು ತೆರೆದಳು. ಹಿಂದೆ ಮೊಣಕಾಲೆತ್ತರದ ಕಲ್ಲುಗೋಡೆ, ಅದರಾಚೆ ಇಳಿಜಾರಿನ ಹೊಲ, ಕುರಿಗಳು. ಗೋಡೆಯ ಮೇಲೆ ಅವಳೊಂದು ಕಡೆ, ನಾನೊಂದು ಕಡೆ ಕುಳಿತೆವು. ನಡುವೆ ಡಬ್ಬಿ. ಅವಳು ಮೊಸರು ತಂದಿಟ್ಟಳು. ಚಟ್ನಿಪುಡಿಗೆ ಎಣ್ಣೆ ಹಾಕಿ ಕಲಸಿದಳು. ಇಷ್ಟೆಲ್ಲ ಜೋಪಾನ ಮಾಡಿದರೂ ಕೆಳಗಿನ ರೊಟ್ಟಿಗಳು ಒಡೆದಿದ್ದವು. ನನ್ನ ಕೈ ತಾನೇ ಡಬ್ಬಿಯ ತಳಕ್ಕೆ ಹೋಗಿ ಒಂದು ಚೂರು ತೆಗೆಯಿತು. ರೊಟ್ಟಿ ಬಡಿಯುವವಳ ಪಾಲಿಗೆ ಯಾವಾಗಲೂ ಒಡೆದದ್ದೇ. ಇಡೀ ರೊಟ್ಟಿ ಗಂಡಸರಿಗೆ, ಬಂದವರಿಗೆ, ಮಕ್ಕಳಿಗೆ. ಯಾರೂ ಹೇಳಿ ಮಾಡಿಸಿದ್ದಲ್ಲ, ನನಗೆ ಅದು ಗಮನಕ್ಕೂ ಬಂದಿರಲಿಲ್ಲ.

ಹುಡುಗಿ ನನ್ನ ಕೈಯಿಂದ ಆ ಚೂರು ತೆಗೆದುಕೊಂಡು ತಾನು ಬಾಯಿಗೆ ಹಾಕಿಕೊಂಡಳು. ಮೇಲಿನಿಂದ ಒಂದು ಇಡೀ ರೊಟ್ಟಿ ತೆಗೆದು, ಅದರ ಮೇಲೆ ಚಟ್ನಿ, ಮೊಸರು ಹಾಕಿ ನನ್ನ ಕೈಗೆ ಕೊಟ್ಟಳು.

"ನಮ್ಮವ್ವನೂ ಹಿಂಗ ಮಾಡ್ತಾಳ" ಎಂದಳು, ಅಷ್ಟೇ.

ನನಗೆ ಅಳು ಬಂತು. ನಾಲ್ಕು ಜನರ ಎದುರು ಎಂದೂ ಅತ್ತವಳಲ್ಲ ನಾನು. ಅವತ್ತು ಒಂದು ಕೈಯಲ್ಲಿ ರೊಟ್ಟಿ ಹಿಡಿದು, ಮೂಗು ಸೋರಿಸುತ್ತ, ಸಣ್ಣ ಹುಡುಗಿಯ ಹಾಗೆ ಅತ್ತೆ. ಅವಳು ಯಾಕೆ ಅಳುತ್ತೀರಿ ಎಂದು ಕೇಳಲಿಲ್ಲ. ಮನೆಯಲ್ಲಿ ಎಲ್ಲ ಚೆನ್ನಾಗಿದೆಯೇ ಎಂದೂ ಕೇಳಲಿಲ್ಲ. ಕುರಿಗಳ ಕಡೆ ನೋಡುತ್ತ ತನ್ನ ಪಾಡಿಗೆ ತಿನ್ನುತ್ತ ಕುಳಿತಳು. ನಾನು ಆ ಇಡೀ ರೊಟ್ಟಿ ತಿಂದೆ. ಆಮೇಲೆ ಇನ್ನೂ ಒಂದು ತಿಂದೆ. ಗಾಳಿ ಬೀಸುತ್ತಿತ್ತು. ಮೈಕಲ್ ಹಾರ್ನ್ ಹೊಡೆಯುವ ತನಕ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ.

ವಾಪಸ್ಸು ಬರುವಾಗ ಮೈಕಲ್ ಇನ್ನೊಂದು ಮಂಡಿಯ ಕತೆ ಹೇಳಿದ. ಭಾನುವಾರವೂ ನನಗೆ ದಕ್ಕಲಿಲ್ಲ. ರೊಟ್ಟಿ ಡಬ್ಬಿಯ ಹೆಂಗಸನ್ನು ನೋಡಬೇಕೆಂದು ನೋರಾಳ ತಂಗಿ, ತಂಗಿಯ ಸೊಸೆ, ಪೋಸ್ಟಾಫೀಸಿನವಳು ಎಲ್ಲರೂ ಚಹಾಕ್ಕೆ ಬಂದಿದ್ದರು. ಮೂರು ಜನರಿಗೆ ಸೀರೆ ಉಡುವ ವಿಧಾನ ಟವೆಲಿನಲ್ಲಿ ತೋರಿಸಿ ವಿಮಾನ ಹತ್ತಿದೆ.

ಮನೆಗೆ ಬಂದು ಶೂ ಬಿಚ್ಚುವಷ್ಟರಲ್ಲಿ ಫೋನ್.

"ಏನಂದಳವಾ ವಿದ್ಯಾ?" ಶಾಂತಕ್ಕ.

"ಏನೂ ಅನ್ಲಿಲ್ರಿ. ನಾ ಏನೂ ಕೇಳ್ಲಿಲ್ಲ."

"ಅಷ್ಟು ದೂರ ಹೋಗಿ ಏನೂ ಕೇಳ್ಲಿಲ್ಲಾ?"

"ಇಲ್ರಿ. ಫೋಟೋನೂ ಕೊಡ್ಲಿಲ್ಲ. ನನ್ನ ಪರ್ಸಿನ್ಯಾಗ ಐತಿ, ಬಂದು ತಗೊಂಡು ಹೋಗ್ರಿ."

ಶಾಂತಕ್ಕ ಒಂದೂವರೆ ವರ್ಷ ನನ್ನ ಜೊತೆ ಮಾತು ಬಿಟ್ಟರು. ನನ್ನ ಯಜಮಾನರು, ಅಷ್ಟು ಸಣ್ಣ ವಿಷಯಕ್ಕೆ ಹಿರಿಯರನ್ನು ಯಾಕೆ ಎದುರು ಹಾಕಿಕೊಂಡೆ ಎಂದು ಬಹಳ ದಿನ ಬೇಸರ ಮಾಡಿಕೊಂಡರು. ಅವರಿಗೆ ಹೇಗೆ ಹೇಳಲಿ? ನಾನು ಎರಡು ದಿನ ಕೇಳಿದ್ದೆ, ಸಿಕ್ಕಿದ್ದು ಒಂದು ತಾಸು. ಆ ತಾಸನ್ನು ನನಗೆ ಕೊಟ್ಟವಳು ತನ್ನ ಏಕೈಕ ರಜೆಯಿಂದ ಅದನ್ನು ತೆಗೆದು ಕೊಟ್ಟಿದ್ದಳು. ಅಂಥವಳನ್ನು ನಾನು ಕೂಡಿಸಿಕೊಂಡು, ಒಬ್ಬಾಕೀನ ಯಾಕ ಅದೀ ಎಂದು ಕೇಳಬೇಕಿತ್ತೇ?

ವಿದ್ಯಾ ಆಮೇಲೆ ಏನಾದಳು, ಮದುವೆಯಾದಳೋ ಇಲ್ಲವೋ ಎಂದು ಈ ಕತೆ ಹೇಳಿದಾಗಲೆಲ್ಲ ಎಲ್ಲರೂ ಕೇಳುತ್ತಾರೆ. ನನಗೆ ಗೊತ್ತಿದೆ. ಹೇಳುವುದಿಲ್ಲ.