ಹಿತ್ತಲ ಮಲ್ಲಿಗೆಗೆ ನೀರು ನಿಲ್ಲಿಸಿದ್ದು

‘ಹೆಂಗಸಿಲ್ಲದ ಮನೆಯಲ್ಲಿ ಮಲ್ಲಿಗೆ ಹೂ ಬಿಡುವುದಿಲ್ಲ; ಅಕ್ಕ ಬಂದು ಮುತ್ತೈದೆ ಕೈಯಿಂದ ನೀರು ಹೊಯ್ದ ಮೇಲೆಯೇ ಅವನ ಹಿತ್ತಲ ಬಳ್ಳಿ ಮೊಗ್ಗು ಕಂಡಿತು.’ ಪಿರಿಯಾಪಟ್ಟಣದ ನಮ್ಮ ಬೀದಿಯಲ್ಲಿ ನನ್ನನ್ನು ಕುರಿತು ಇಂದಿಗೂ ಹೇಳುವ ಮಾತಿದು. ಹೇಳುವವರಲ್ಲಿ ಬಹುಮಂದಿ ಆಗ ಹುಟ್ಟಿರಲೂ ಇಲ್ಲ. ಬಳ್ಳಿ ನನ್ನದಾದ್ದರಿಂದ ನಡೆದದ್ದನ್ನು ಬರೆಯುವ ಹಕ್ಕೂ ನನ್ನದೆಂದು ತಿಳಿಯುತ್ತೇನೆ.

ಅದನ್ನು ನೆಟ್ಟವಳು ನನ್ನ ಹೆಂಡತಿ. ಐವತ್ತರ ದಶಕದ ಒಂದು ಮಳೆಗಾಲದಲ್ಲಿ ಅವಳು ಜ್ವರದಿಂದ ತೀರಿಕೊಂಡಳು. ಮಕ್ಕಳಿರಲಿಲ್ಲ. ನಾನು ತಂಬಾಕು ವ್ಯಾಪಾರಿಯೊಬ್ಬರಲ್ಲಿ ಸೊಪ್ಪು ವಿಂಗಡಿಸುವ ಕೆಲಸಕ್ಕಿದ್ದೆ. ಸಂಜೆ ಬಂದು ಒಬ್ಬನಿಗಾಗುವಷ್ಟು ಮುದ್ದೆ ತಿರುವಿ, ಉಂಡು, ತಟ್ಟೆ ತೊಳೆದರೆ ಮನೆಯಲ್ಲಿ ಮತ್ತೆ ಸದ್ದೆಂಬುದಿರಲಿಲ್ಲ.

ಕೃಷ್ಣರಾಜನಗರಕ್ಕೆ ಕೊಟ್ಟಿದ್ದ ನನ್ನ ಅಕ್ಕ ಆಗಾಗ ಬಂದು ವಾರಗಟ್ಟಲೆ ಇರುತ್ತಿದ್ದಳು. ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ, ನಡುವೆ ಅಕ್ಕಿ ತೊಳೆದ ನೀರು, ಎಲ್ಲವೂ ಮಲ್ಲಿಗೆಯ ಬುಡಕ್ಕೆ. ಊರಿಗೆ ಹೊರಟರೆ ಪಕ್ಕದ ಮನೆಯಾಕೆಗೆ ಆ ಕೆಲಸ ಒಪ್ಪಿಸಿಯೇ ಹೊರಡುವಳು. ಬಳ್ಳಿ ಸೂರಿಗೇರಿತು. ಆದರೆ ಮರುವರ್ಷದ ಬೇಸಿಗೆಯಲ್ಲಿ ಒಂದು ಮೊಗ್ಗೂ ಬರಲಿಲ್ಲ.

“ಒಗೆಸೊಪ್ಪು ಮುಟ್ಟೋ ಕೈ ನಿಂದು. ಮಲ್ಲಿಗೆ ಎಂಗ್ಲಾ ಬುಟ್ಟದು?” ಎಂದಳು ಅಕ್ಕ. “ನೆಟ್ಟೋಳ ನೆನ್ಸ್ಕೊಂಡು ಕೊರಗ್ತಾ ಅದೆ ಕಣ್ಲಾ. ಈ ಮನೇಗೊಂದು ಎಣ್ಣು ಬರ್ಬೇಕು. ಸಾಲಿಗ್ರಾಮದಲ್ಲಿ ನೋಡಿವ್ನಿ.”

ನನಗೆ ಇನ್ನೊಂದು ಮದುವೆ ಬೇಡವಾಗಿತ್ತು. ಬೇಡವೆಂದರೆ ಕೇಳುವವರಿರಲಿಲ್ಲ, ಏಕೆಂದರೆ ಬಳ್ಳಿಯೇ ಅವರ ಸಾಕ್ಷಿಯಾಗಿತ್ತು. ಕೊರಗುವ ಗಿಡಕ್ಕೆ ಎಲೆ ಏಕೆ ಇಷ್ಟು ಸೊಂಪು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ. ತಂಬಾಕು ಬೆಳೆಯುವವರು ಹೂವಿನ ಕುಡಿಯನ್ನು ಚಿವುಟುತ್ತಾರೆ. ಆಗ ಗಿಡದ ಬಲವೆಲ್ಲ ಎಲೆಗೆ ಹೋಗಿ ಎಲೆ ದಪ್ಪವಾಗುತ್ತದೆ. ಇಲ್ಲಿ ನೀರು ಹೆಚ್ಚಾಗಿ ಎಲೆ ಕೊಬ್ಬಿ ಹೂ ಹೋಗಿದೆ. ಹಾಗಾದರೆ ಎಲೆಯನ್ನೇ ತೆಗೆದು ನೋಡಬೇಕು. ಅಷ್ಟರಲ್ಲಿ ಬೇಲಿ ನುಗ್ಗಿದ ಆಡೊಂದು ಒಂದು ಪಕ್ಕದ ಕೊಂಬೆಗಳನ್ನು ಮೇದುಹೋಯಿತು. ಕೆಲವು ವಾರಗಳಲ್ಲಿ, ಮೇದ ಕಡೆಯಲ್ಲಿ ಮಾತ್ರ, ನಾಲ್ಕಾರು ಮೊಗ್ಗು ಕಂಡವು.

ಪುಷ್ಯಮಾಸದಲ್ಲಿ ಅಕ್ಕ ಮತ್ತೆ ಸಾಲಿಗ್ರಾಮದ ಮಾತೆತ್ತಿದಾಗ ಹೇಳಿದೆ: “ಈ ಬ್ಯಾಸ್ಗೇಲಿ ನಾನೊಬ್ನೇ ಹೂ ಬುಡಿಸ್ತೀನಿ ಕಣಕ್ಕ. ಬುಡ್ಸಿದ್ರೆ ಮದ್ವೆ ಮಾತು ಬುಟ್ಬುಡ್ಬೇಕು.”

“ಬುಡ್ಸು, ನೋಡನ. ಮೀಸೆಗ್ ಮುಡ್ಕೊಂಡೀಯಾ?” ಎಂದು ನಕ್ಕಳು.

“ಅಲ್ಲೀಗಂಟ ನೀನು ನೀರು ಉಯ್ಬ್ಯಾಡ.”

ನಗು ನಿಂತಿತು. “ನಾ ಉಯ್ಯೋ ನೀರೂ ಬ್ಯಾಡ್ವಾ? ನೀನೇ ಬ್ಯಾಡ ಅಂದ್ಬುಡ್ಲಾ, ಮುಗೀತದೆ.” ಮರುದಿನದ ಬಸ್ಸಿಗೇ ಹೋದಳು.

ಬಳ್ಳಿಯನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದೆ. ಉಳಿದ ಎಲೆಗಳನ್ನೂ ಬಿಡಿಸಿ, ಬುಡದ ಮಣ್ಣು ಸರಿಸಿ ಬೇರಿಗೆ ಬಿಸಿಲು ತೋರಿಸಿ, ನೀರು ನಿಲ್ಲಿಸಿದೆ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, “ಎಂಡ್ರ ಗ್ಯಾಪ್ಕಕ್ಕೆ ಇದ್ದುದ್ದನ್ನೂ ಕೊಯ್ದಾಕ್ಬುಟ್ರಲ್ಲಪ್ಪಾ!” ಎಂದು ಬಾಯಿ ಬಡಿದುಕೊಂಡರು. ಆ ವಾರಗಳಲ್ಲಿ ಮೋಟುಗಳನ್ನು ನೋಡಲಾರದೆ ಹಿತ್ತಲ ಬಾಗಿಲನ್ನು ತೆರೆಯುತ್ತಿರಲಿಲ್ಲ. ಅಕ್ಕನಿದ್ದಾಗ ಅವಳ ಮಾತು ಬೇಡವೆನಿಸುತ್ತಿತ್ತು. ಈಗ ಯಾರಾದರೂ ಬಂದು ಬೈದರೂ ಸಾಕೆನಿಸುತ್ತಿತ್ತು.

ಬಿಸಿಲು ಬಲಿತ ಮೇಲೆ ಕುರಿಗೊಬ್ಬರ ಹಾಕಿ ನೀರು ಬಿಟ್ಟೆ. ಚಿಗುರು ಬಂತು, ಪ್ರತಿ ಚಿಗುರಿನ ತುದಿಗೂ ಮೊಗ್ಗು ಬಂತು. ಮೊದಲ ದಿನ ಮೊರದ ತುಂಬ ಬಿಡಿಸಿ ತಂದು ನಡುಮನೆಯಲ್ಲಿಟ್ಟೆ. ಗೆದ್ದಿದ್ದೆ. ಕಟ್ಟುವ ಕೈಯಿರಲಿಲ್ಲ, ಮುಡಿಯುವ ತಲೆಯಿರಲಿಲ್ಲ. ಮೊಗ್ಗುಗಳು ಮೊರದಲ್ಲೇ ಅರಳಿ, ಮೊರದಲ್ಲೇ ಬಾಡಿದವು. ಮರುದಿನದ ಮೊಗ್ಗನ್ನು ಬಾಳೆಎಲೆಯಲ್ಲಿ ಪೊಟ್ಟಣ ಕಟ್ಟಿ ಬಸ್ಸಿನಲ್ಲಿ ಅಕ್ಕನಿಗೆ ಕಳಿಸಿದೆ.

ಆಮೇಲೆ ಅಕ್ಕ ಬಂದಳು. ನೇರ ಹಿತ್ತಲಿಗೆ ಹೋಗಿ ಒಂದು ಕೊಡ ನೀರು ಹೊಯ್ದಳು. ಪಕ್ಕದ ಮನೆಯಾಕೆ ಕಂಡದ್ದು ಆ ಕೊಡವನ್ನು; ಬೀದಿಯ ಕಥೆ ಹುಟ್ಟಿದ್ದು ಅಲ್ಲಿಂದ. ಅಕ್ಕ ಮದುವೆಯ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಆ ಮಾತು ಹೋದ ಮೇಲೆ ಬರುವುದಕ್ಕೆ ಕಾರಣವೂ ಇರಲಿಲ್ಲವೋ ಏನೋ, ಬರುವುದು ವರ್ಷಕ್ಕೊಮ್ಮೆಯಾಯಿತು.

ನನ್ನ ಮಾತನ್ನು ನಂಬಬೇಕೆಂದು ಹೇಳುವುದಿಲ್ಲ. ಅಂದು ಪೊಟ್ಟಣ ಒಯ್ದ ಕಂಡಕ್ಟರು ಇನ್ನೂ ಇದ್ದಾರೆ. ಹುಣಸೂರಿನ ಸೇತುವೆಯ ಬಳಿ ಮಗನ ಟೈರು ಅಂಗಡಿಯಲ್ಲಿ ಕೂರುತ್ತಾರೆ. ಹೋದ ತಿಂಗಳು ಕೇಳಿದಾಗ ಹೇಳಿದರು: “ಬಸ್ಸೆಲ್ಲಾ ಗಮ್ಮಂತಿತ್ತು ಕಣ್ರೀ. ಕೆ.ಆರ್. ನಗರದಲ್ಲಿ ಆಯಮ್ಮನ ಕೈಗೇ ಕೊಟ್ಟೆ. ಎಲೆ ಬಿಚ್ಚಿ ನೋಡಿ, ನನ್ ಮುಂದೇ ಅತ್ಬುಟ್ರು.” ಹೂ ಬಿಟ್ಟಾಗ ಅಕ್ಕ ಎಲ್ಲಿದ್ದಳೆಂಬುದನ್ನು ಬೇಕಾದವರು ಅವರನ್ನೇ ಕೇಳಬಹುದು.