ತಿನ್ಮಲ್ ಮಸೀದಿಯನ್ನು ತಿರುಗಿಸಿದ್ದು ನಾನು

೨೦೦೬ರಲ್ಲಿ ನಾನು ವರ್ಜೀನಿಯಾದ ಶ್ಯಾಂಟಿಲಿಯಲ್ಲಿ, ಮ್ಯೂಸಿಯಂಗಳಿಗೆ ಮಾಡೆಲ್ ತಯಾರಿಸುವ ಸಣ್ಣ ಕಂಪನಿಯೊಂದರ ಸೀನಿಯರ್ ಸರ್ವೆ ಎಂಜಿನಿಯರ್. ಆ ವರ್ಷ ನಮ್ಮ ಪಾಲಿಗೆ ಬಂದದ್ದು ಮೊರಾಕೊದ ತಿನ್ಮಲ್, ಅಟ್ಲಾಸ್ ಪರ್ವತದೊಳಗಿನ ಪುಟ್ಟ ಹಳ್ಳಿ. ಹನ್ನೆರಡನೇ ಶತಮಾನದಲ್ಲಿ ಧರ್ಮಬೋಧಕನೊಬ್ಬ ಅಲ್ಲಿ ನೆಲೆನಿಂತು ಬೆಟ್ಟದ ಬುಡಕಟ್ಟುಗಳನ್ನು ಒಗ್ಗೂಡಿಸಿದ. ಅವನ ಅನುಯಾಯಿಗಳು ಕೆಳಗಿಳಿದು ಮರ್ರಾಕೇಶ್ ನಗರ ಗೆದ್ದು, ಸ್ಪೇನ್‌ವರೆಗೂ ಆಳಿದರು. ಅದೇ ಅಲ್ಮೊಹಾದ್ ರಾಜವಂಶ. ಅವರು ಆ ಹಳ್ಳಿಯಲ್ಲಿ ಕಟ್ಟಿಸಿದ ಮಸೀದಿಯ ಮಾಡೆಲ್ ವಾಷಿಂಗ್ಟನ್‌ನಲ್ಲಿ, ಆಮೇಲೆ ಅಟ್ಲಾಂಟಾದಲ್ಲಿ ಪ್ರದರ್ಶನಕ್ಕೆ ಹೋಗಬೇಕಿತ್ತು.

ನಕ್ಷೆ ಬರೆಯುತ್ತಿದ್ದವಳು ಮಂಗಳೂರಿನ ಲವೀನಾ. ಸೇರಿ ಎಂಟು ತಿಂಗಳಾಗಿತ್ತು. ಕೆಲಸ ಹೋದರೆ ವೀಸಾವೂ ಹೋದಂತೆ.

ನನಗೋ ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ಮಸೀದಿ ಮೆಕ್ಕಾದ ಕಡೆ ಮುಖ ಮಾಡಿರಬೇಕು; ಲೆಕ್ಕ ಹಾಕಿದರೆ ತಿನ್ಮಲ್‌ನಿಂದ ಮೆಕ್ಕಾ ಹೆಚ್ಚುಕಡಿಮೆ ಪೂರ್ವಕ್ಕೆ ಬರುತ್ತದೆ. ನಕ್ಷೆಯಲ್ಲಿ ಮಸೀದಿ ದಕ್ಷಿಣಕ್ಕೆ ವಾಲಿತ್ತು. ಅಲ್ಲಿ ಹೋಗಿ ಸರ್ವೆ ಮಾಡಿದವನೇ ಎಡವಿದ್ದಾನೆ ಎಂದುಕೊಂಡೆ.

“ಅಂಕಲ್, ಸ್ಯಾಟಲೈಟ್ ಫೋಟೋದಲ್ಲೂ ಹೀಗೇ ಉಂಟು. ಚೇಂಜ್ ಮಾಡುವುದು ಬೇಡ.”

“ಮೂವತ್ತು ವರ್ಷ ಸರ್ವೆ ಮಾಡಿದೀನಮ್ಮ. ರೊಟೇಟ್ ಮಾಡು.”

ಮಾಡಿದಳು. ಬಾಯಿಮಾತಿನಲ್ಲೇ ಕೆಲಸ ಮಾಡಿಸುವುದು ನಾನು ಊರಿನ ಆಫೀಸುಗಳಿಂದ ತಂದ ಚಾಳಿ. ಹಾಳೆಯ ಮೂಲೆಯಲ್ಲಿ ಪರಿಶೀಲಿಸಿದವರ ಸಹಿಯ ಜಾಗ ಖಾಲಿ ಉಳಿಯಿತು. ಬರೆದವರ ಜಾಗದಲ್ಲಿ ಅವಳ ಹೆಸರಿತ್ತು.

ಒಂದು ಗುರುವಾರ ಮೊರಾಕೊದ ಪ್ರೊಫೆಸರ್ ಮಾಡೆಲ್ ನೋಡಲು ಬಂದರು. ನೋಡಿದವರೇ ಕೆರಳಿದರು. “ಇದನ್ನು ತಿರುಗಿಸಿದವರು ಯಾರು? ಆ ಕಾಲದಲ್ಲಿ ನಮ್ಮವರು ಪ್ರಾರ್ಥನೆಯ ದಿಕ್ಕನ್ನು ದಕ್ಷಿಣಕ್ಕೇ ಹಿಡಿಯುತ್ತಿದ್ದರು. ಅವರ ಮಸೀದಿಯನ್ನು ತಿದ್ದಲು ನೀವು ಯಾರು?”

ಬಾಸ್ ಹಾಳೆ ನೋಡಿ, ಲವೀನಾಳ ವಿಷಯ ಸೋಮವಾರ ತೀರ್ಮಾನಿಸೋಣ ಎಂದ. ಅವಳು ನನ್ನ ಕಡೆ ನೋಡಿದಳು. ಅಂಕಲ್ ಎಂದು ಕರೆದವನನ್ನು ಬಾಸ್ ಮುಂದೆ ಬೊಟ್ಟು ಮಾಡಿ ತೋರಿಸುವುದು ಅವಳಿಂದಾಗಲಿಲ್ಲ. ನಾನೂ ಸುಮ್ಮನಿದ್ದೆ. ನಾಚಿಕೆಗೇಡು, ಆದರೆ ಸುಮ್ಮನಿದ್ದೆ.

ಆ ವಾರಾಂತ್ಯ ಕೂತಲ್ಲಿ ಕೂರಲಾಗಲಿಲ್ಲ. ಸಾಮಾನು ತರುವ ನೆಪದಲ್ಲಿ ಸೆಂಟರ್‌ವಿಲ್‌ಗೆ ಮೂರು ಸಲ ಡ್ರೈವ್ ಮಾಡಿ, ಮೂರು ಸಲವೂ ಬರಿಗೈಯಲ್ಲಿ ವಾಪಸಾದೆ. ಸೋಮವಾರ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತು, “ತಿರುಗಿಸು ಅಂದದ್ದು ನಾನು, ಅವಳು ಬೇಡ ಅಂದಿದ್ದಳು,” ಎಂದು ಬಾಸ್‌ಗೆ ಹೇಳಿದೆ. ನನ್ನನ್ನು ಆ ಪ್ರಾಜೆಕ್ಟಿನಿಂದ ತೆಗೆದರು. ಮಸೀದಿಯನ್ನು ಕಿತ್ತು ಮತ್ತೆ ಕೂರಿಸಿದವಳು ಲವೀನಾ.

ಥ್ಯಾಂಕ್ಸ್ ಹೇಳುತ್ತಾಳೆ ಎಂದು ಕಾದಿದ್ದೆ. ಅವಳು ಕೇಳಿದ್ದು ಇಷ್ಟೇ: “ಗುರುವಾರವೇ ಹೇಳಬಹುದಿತ್ತಲ್ಲ ಅಂಕಲ್? ವಾಪಸ್ ಬರ್ತೇನೆ ಅಂತ ಅಮ್ಮನಿಗೆ ಫೋನ್ ಮಾಡಿ ಆಯ್ತು. ಅವರು ಎರಡು ದಿನ ಊಟ ಮಾಡ್ಲಿಲ್ಲ.”

ಅಳತೆ ತಪ್ಪಿದರೆ ಮತ್ತೆ ಅಳೆಯಬಹುದು. ತಪ್ಪನ್ನು ಒಪ್ಪಿಕೊಳ್ಳಲು ನಾನು ತೆಗೆದುಕೊಂಡ ನಾಲ್ಕು ದಿನಗಳನ್ನು ಅನುಭವಿಸಿದವರು ಬೇರೆಯವರು.